ಕೊರಡಿನ ಮೇಲೆ ಬಿಚ್ಚಿದ ರೆಕ್ಕೆ

ಒಂದಾನೊಂದು ಕೆರೆ. ಹೆಸರು ಬೇಡ. ಹೇಳಿದರೆ ಅಲ್ಲಿಯವರು ನಮ್ಮ ಮಾನ ಕಳೆದೆ ಅಂತ ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ಬರುವವರ ಮುಂದಾಳು ನಾನೇ ಆಗಿರುವುದರಿಂದ ಆ ತಾಪತ್ರಯ ಯಾಕೆ ಅಂತ ಬಿಟ್ಟಿದ್ದೇನೆ.

ಆ ಕೆರೆಯಲ್ಲಿ ಬೆಳ್ಳಕ್ಕಿಗಳಾದ ನಾವು ಸಾವಿರ ಜನ ಇದ್ದೆವು. ಬೆಳ್ಳಗಿರುವುದೇ ನಮ್ಮ ದೊಡ್ಡ ಸಾಧನೆ. ಅದಕ್ಕಾಗಿ ನಾವು ಮಾಡಿದ್ದೆಂದರೆ ಮೊಟ್ಟೆಯೊಡೆದು ಹೊರಗೆ ಬಂದದ್ದು, ಅಷ್ಟೆ. ನಮ್ಮ ಕಾಲು ಮಾತ್ರ ಇದ್ದಿಲಿನಷ್ಟು ಕಪ್ಪು. ಸದಾ ನೀರಿನಲ್ಲಿ ನಿಂತಿರುತ್ತಿದ್ದೆವಾದ್ದರಿಂದ ಆ ವಿಷಯ ಎತ್ತುವ ಪ್ರಸಂಗ ಬಂದಿರಲಿಲ್ಲ. ಇನ್ನು ಭಕ್ತಿಯಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಯಾವ ಕೆಲಸಕ್ಕೂ ಮೊದಲು ಒಂಟಿಕಾಲಿನಲ್ಲಿ ನಿಂತು ಕಣ್ಣು ಮುಚ್ಚುತ್ತೇವೆ. ಬೇರೆಯವರು ಇದನ್ನು ಬಕಧ್ಯಾನ ಅಂತ ಹಂಗಿಸುತ್ತಾರೆ, ಹಂಗಿಸಲಿ ಬಿಡಿ. ನಮಗೆ ಅದು ಪ್ರಾರ್ಥನೆ. ನಡುವೆ ಮೀನು ಸುಳಿದರೆ ಕೊಕ್ಕು ಆಡಿಸಲು ನಮ್ಮ ದೇವರ ಅಭ್ಯಂತರವಿಲ್ಲ.

ನಾನು ಆ ಕೆರೆಯ ಕೂಗುಗಾರ. ಆಟದ ದಿನ ಏರಿಯ ಮೇಲೆ ನಿಂತು ನಾನು ಏನಾದರೂ ಕೂಗಬೇಕು, ಉಳಿದವರು ಅದರ ಕೊನೆಯ ಪದ ಹಿಡಿದು ಗಂಟಲು ಹರಿಯುವ ತನಕ ಕೂಗಬೇಕು. ಮೊದಲು ಏನು ಹೇಳಿದೆ ಅಂತ ಕೇಳುವ ಪದ್ಧತಿ ಇಲ್ಲ. ಒಂದು ಸಲ ಬಾಯಿತಪ್ಪಿ ನನಗೆ ಹಸಿವು ಅಂದುಬಿಟ್ಟೆ. ಇಡೀ ಏರಿ "ಹಸಿವು! ಹಸಿವು!" ಅಂತ ಅಬ್ಬರಿಸಿದ್ದಕ್ಕೆ ಎದುರಾಳಿಗಳು ಸ್ವಲ್ಪ ಹೊತ್ತು ಆಟ ಬಿಟ್ಟು ಹಾರಿಹೋದರು. ಅವತ್ತಿನಿಂದ ನನ್ನ ಬೆಲೆ ಏರಿತು. ತಲೆಯಲ್ಲಿ ಏನಿದೆ ಅನ್ನುವುದು ಈ ಕೆಲಸಕ್ಕೆ ಮುಖ್ಯವಲ್ಲ, ಗಂಟಲು ಗಟ್ಟಿ ಇದ್ದರೆ ಸಾಕು.

ಆಟದ ಹೆಸರು ಕಲ್ಲಾಟ. ಪ್ರತಿ ವರ್ಷ ಕೆಳಗಿನ ಕೆರೆಯ ಬಾತುಗಳಿಗೂ ನಮಗೂ ನಡೆಯುತ್ತದೆ. ಪಂಚಾಯ್ತಿಗೆ ಕೂತ ಮುದಿ ಆಮೆ ತೂಬಿನ ಆಳಕ್ಕೆ ಒಂದು ಬಿಳಿ ಕಲ್ಲು ಹಾಕುತ್ತದೆ. ಎರಡೂ ಕಡೆಯ ಮುಳುಗುಗಾರರು ಮುಳುಗಿ, ಸಿಕ್ಕವರು ಅದನ್ನು ದಡದ ಹತ್ತಿರ ನಿಂತ ತಮ್ಮವನ ಕೊಕ್ಕಿಗೆ ಕೊಡಬೇಕು. ಅವನು ಏರಿಗೆ ಮುಟ್ಟಿಸಿದರೆ ಒಂದು ಗೆಲುವು. ಒಂಬತ್ತರಲ್ಲಿ ಐದು ಕಲ್ಲು ಮುಟ್ಟಿಸಿದವರದು ಆಟ. ಒಂದು ಕಲ್ಲು ಮುಗಿದು ಆಮೆ ಇನ್ನೊಂದು ತರುವಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದು. ಹಾಗಾಗಿ ಆಟಗಾರರಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತಿತ್ತು.

ನಾವು ಏಳು ವರ್ಷ ಸತತವಾಗಿ ಸೋತೆವು. ಮುಳುಗಿದರೆ ಗರಿಗೆ ಕೆಸರಾಗುತ್ತದೆ ಅಂತ ನಮ್ಮಲ್ಲಿ ಯಾರೂ ಮುಳುಗುತ್ತಿರಲಿಲ್ಲ. ಮುಳುಗುವ ಆಟದಲ್ಲಿ ಮುಳುಗದೆ ಗೆಲ್ಲುವುದು ಹೇಗೆ ಅಂತ ಏಳು ಸಭೆ ಮಾಡಿದ್ದೂ ಆಯಿತು.

ಎಂಟನೆಯ ವರ್ಷ ಒಂದು ನೀರುಕಾಗೆ ಬಂತು. ಮೈಯೆಲ್ಲ ಕಪ್ಪು, ಕಾಲು ಗಿಡ್ಡ, ಜೊತೆಗೆ ಹೆಂಡತಿ. ತೂಬಿನ ಹತ್ತಿರ ನೀರಿನಲ್ಲಿ ನಿಂತಿದ್ದ ಒಣ ಜಾಲಿಯ ಮೇಲೆ ಗೂಡು ಕಟ್ಟಲು ಅಪ್ಪಣೆ ಕೇಳಿದ. ನಮ್ಮ ಕೆರೆಯ ಪರವಾಗಿ ಆಡುವ ತನಕ ಗೂಡು ಇರಬಹುದು, ಆಟ ಬಿಟ್ಟರೆ ಮರವನ್ನೂ ಬಿಡಬೇಕು ಅಂತ ಹಿರಿಯರು ಒಪ್ಪಿದರು. ಆ ವರ್ಷ ಅವನು ಐದಕ್ಕೆ ಐದು ಕಲ್ಲನ್ನೂ ಎತ್ತಿದ. ನಾವು ಮೊದಲ ಸಲ ಗೆದ್ದೆವು.

ಅವನನ್ನು ಏನಂತ ಕರೆಯುವುದು ಅನ್ನುವ ಪ್ರಶ್ನೆ ಬಂತು. ಅದನ್ನು ಬಿಡಿಸಿದ ಕೀರ್ತಿಯೂ ನನ್ನದೇ. ನೀರುಕಾಗೆ ಅನ್ನುವುದರಲ್ಲಿ ಎರಡು ಪದ ಇವೆಯಲ್ಲ, ಗೆದ್ದ ದಿನ ಕಾಗೆಯನ್ನು ಬಿಟ್ಟು "ನಮ್ಮ ನೀರಣ್ಣ!" ಅಂತ ಕೂಗಿದೆ. ಇಡೀ ಏರಿ "ನೀರಣ್ಣ! ನೀರಣ್ಣ!" ಅಂತು. ಸೋತ ದಿನ ನೀರನ್ನು ಬಿಡಬಹುದು ಅನ್ನುವುದು ಆಗ ನನಗೂ ಹೊಳೆದಿರಲಿಲ್ಲ.

ಪ್ರತಿ ಕಲ್ಲಿನ ನಂತರ ನೀರಣ್ಣ ಜಾಲಿ ಕೊರಡಿನ ಮೇಲೆ ಹತ್ತಿ, ಎರಡೂ ರೆಕ್ಕೆಯನ್ನು ಅಗಲವಾಗಿ ಬಿಚ್ಚಿ, ಸೂರ್ಯನ ಕಡೆ ಮುಖ ಮಾಡಿ ಅಲುಗಾಡದೆ ನಿಲ್ಲುತ್ತಿದ್ದ. ಅದು ಗೆಲುವಿನ ಠೀವಿ ಅಂತ ನಾವು ತಿಳಿದೆವು. ಮರಿಗಳು, ಮುದುಕರು, ಮೊಟ್ಟೆಗೆ ಕಾವು ಕೂತವರು ಕೂಡ ರೆಕ್ಕೆ ಬಿಚ್ಚಿ ನಿಲ್ಲತೊಡಗಿದರು. ನನಗೆ ಮಾತ್ರ ಕುತೂಹಲ ತಡೆಯದೆ ಕೊರಡಿನ ಹತ್ತಿರ ಹೋಗಿ ಕೇಳಿದೆ.

"ಒಣಗಿಸಿಕೊಳ್ತಾ ಇದ್ದೀನಿ ಅಣ್ಣಾ," ಅಂದ. "ನಮ್ಮ ಗರಿ ನೀರು ಕುಡಿಯುತ್ತೆ. ಒಣಗಿಸದೆ ಮೇಲಿಂದ ಮೇಲೆ ಮುಳುಗಿದರೆ ಭಾರ ಆಗಿ ಏಳೋಕಾಗಲ್ಲ."

ಇಷ್ಟೇನಾ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ನಾಯಕನ ಠೀವಿ ಅಂತ ಜನ ಕುಣಿಯುತ್ತಿರುವಾಗ ಬಟ್ಟೆ ಒಣಹಾಕಿದ ಹಾಗೆ ಅಂತ ಹೇಳಿದರೆ ಯಾರಿಗೆ ರುಚಿಸುತ್ತದೆ?

ಮರುವರ್ಷದ ಆಟ ನಾಲ್ಕಕ್ಕೆ ನಾಲ್ಕಾಗಿ ನಿಂತಿತು. ಒಂಬತ್ತನೆಯ ಕಲ್ಲನ್ನೂ ನೀರಣ್ಣನೇ ತಂದ. ತಂದು ದಡದಲ್ಲಿದ್ದ ನಮ್ಮ ಹಂಸರಾಜನ ಕೊಕ್ಕಿಗೆ ಇಟ್ಟ. ಹಂಸರಾಜನೂ ಬೆಳ್ಳಕ್ಕಿಯೇ, ಅವನ ಅಪ್ಪನಿಗೆ ಆಸೆ ಸ್ವಲ್ಪ ಜಾಸ್ತಿಯಾಗಿ ಆ ಹೆಸರಿಟ್ಟಿದ್ದ. ಏರಿಗೆ ನಾಲ್ಕು ಹೆಜ್ಜೆ ಇರುವಾಗ ಕಾಲಿನ ಹತ್ತಿರ ಒಂದು ಗೆಂಡೆಮೀನು ಸುಳಿಯಿತು. ಹಂಸರಾಜ ಕೊಕ್ಕು ತೆರೆದ. ಕಲ್ಲು ನೀರಿಗೆ ಬಿತ್ತು, ಬಾತುಗಳ ಕಡೆಯ ಗುಳುಮುಳುಕ ಎಂಬ ಪುಟ್ಟ ಮುಳುಗುಹಕ್ಕಿ ಅದನ್ನು ಹಾರಿಸಿಕೊಂಡು ಹೋಯಿತು. ಆಟ ಮುಗಿಯಿತು. ಮೀನೂ ತಪ್ಪಿಸಿಕೊಂಡಿತು.

ನೀರಣ್ಣ ಎಂದಿನಂತೆ ಕೊರಡು ಹತ್ತಿ ರೆಕ್ಕೆ ಬಿಚ್ಚಿ ನಿಂತ.

ಧ್ಯಾನದ ಹಿರಿಯರಾದ ಧವಳಪ್ಪನವರು ಕತ್ತು ಉದ್ದ ಮಾಡಿ ನೋಡಿದರು. ನಾವು ಸೋತಿದ್ದೇವೆ, ಇವನು ಇನ್ನೂ ರೆಕ್ಕೆ ಬಿಚ್ಚುತ್ತಾನಲ್ಲ, ಹಾಗಾದರೆ ಅದು ಗೆಲುವಿನ ಠೀವಿಯಲ್ಲ, ಅವನ ದೇವರ ಪ್ರಾರ್ಥನೆ ಇರಬೇಕು ಅಂದರು. ಸಂಜೆಯ ಸೂರ್ಯ ಪಡುವಣಕ್ಕಿದ್ದ. ಕೆಳಗಿನ ಕೆರೆಯೂ ಪಡುವಣಕ್ಕೇ ಇತ್ತು. ಇವನು ಯಾರ ಕಡೆ ತಿರುಗಿ ಬೇಡಿಕೊಳ್ಳುತ್ತಿದ್ದಾನೆ ನೋಡಿ ಅಂದರು. ಒಬ್ಬರಿಂದ ಒಬ್ಬರಿಗೆ ಆ ಮಾತು ಹೋಗಿ, ಕೊನೆಗೆ ಸಾವಿರ ಮುಖ ನನ್ನ ಕಡೆ ತಿರುಗಿದವು. ನಾನು ಏನಾದರೂ ಕೂಗಬೇಕಿತ್ತು.

ನನಗೆ ಗೊತ್ತಿತ್ತು. ಇಡೀ ಕೆರೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಒಂದೇ ಒಂದು ಮಾತು ಸಾಕಾಗಿತ್ತು. ಆದರೆ ಅಷ್ಟೊಂದು ಮುಖಗಳು ಕಾಯುತ್ತಿರುವಾಗ ಒಣಗಿಸಿಕೊಳ್ಳುವ ಮಾತು ತೀರಾ ಸಪ್ಪೆ ಅನ್ನಿಸಿತು. ನೀರನ್ನು ಬಿಟ್ಟು ಉಳಿದದ್ದನ್ನು ಕೂಗಿದೆ.

"ಕಾಗೆ!"

"ಕಾಗೆ! ಕಾಗೆ!" ಅಂತು ಏರಿ. ಇಷ್ಟು ಚೆನ್ನಾಗಿ ನನ್ನ ಕೂಗು ಯಾವತ್ತೂ ಎದ್ದಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಹಂಸರಾಜನೂ ನಮ್ಮ ಜೊತೆ ನಿಂತು ಕೂಗಿದ.

ಮಾರನೆಯ ದಿನ ಸಭೆ ಸೇರಿ ಎರಡು ಕಟ್ಟಳೆ ಮಾಡಿದೆವು. ಆಡುವ ಮುಂಚೆ ಎಲ್ಲರೂ ಒಂಟಿಕಾಲಿನಲ್ಲಿ ನಿಲ್ಲಬೇಕು. ಎರಡನೆಯದನ್ನು ಬರೆಯುವಾಗ ಆಮೆ ಸ್ವಲ್ಪ ಕಿರಿಕಿರಿ ಮಾಡಿತು. ಒಬ್ಬನ ಹೆಸರು ಹಿಡಿದು ಕಟ್ಟಳೆ ಮಾಡಲು ಬರುವುದಿಲ್ಲ, ಎಲ್ಲರಿಗೂ ಅನ್ವಯಿಸಬೇಕು ಅಂತು. ಅದಕ್ಕೇನಂತೆ, ಹಾಗೇ ಬರೆಯಿರಿ ಅಂದೆವು. ಆಟದ ದಿನ ಈ ಕೆರೆಯವರು ಯಾರೇ ರೆಕ್ಕೆ ಬಿಚ್ಚಿ ನಿಂತರೂ ಆ ದಿನ ಗೆದ್ದ ಕಲ್ಲುಗಳು ಸಲ್ಲತಕ್ಕದ್ದಲ್ಲ ಅಂತ ಬರೆಸಿ, ಸಾವಿರ ಜನರೂ ಕೆಸರಿನಲ್ಲಿ ಕಾಲೂರಿ ಒಪ್ಪಿಗೆ ಹಾಕಿದೆವು. ಗುರುತು ಎಲ್ಲರದೂ ಕಪ್ಪಾಗಿಯೇ ಬಂತು, ಕೆಸರಿನ ಬಣ್ಣ ಅಂದುಕೊಂಡೆವು.

ಮುಂದಿನ ವರ್ಷದ ಆಟದ ಹಿಂದಿನ ದಿನ ನೀರುಕಾಗೆ ನನ್ನ ಹತ್ತಿರ ಬಂದ. ಗೂಡಿನಲ್ಲಿ ಮೂರು ಮರಿ ಕಣ್ಣು ಬಿಟ್ಟಿದ್ದವು, ಇನ್ನೂ ರೆಕ್ಕೆ ಬಲಿತಿರಲಿಲ್ಲ. ಆಡದಿದ್ದರೆ ಮರ ಬಿಡಬೇಕು. ಆಡಿದರೆ ಒಣಗಿಸಿಕೊಳ್ಳುವ ಹಾಗಿಲ್ಲ.

"ಅಣ್ಣಾ, ನಿಮಗೆ ಗೊತ್ತಲ್ಲ," ಅಂದ. "ಒಂದು ಮಾತು ಅವರಿಗೆ ಹೇಳಿ. ನೀವು ಹೇಳಿದರೆ ಕೇಳ್ತಾರೆ."

"ಹೇಳೋಣ ಕಣಯ್ಯಾ," ಅಂದೆ. "ಈಗ ಬೇಡ. ಜನ ಬಿಸಿಯಲ್ಲಿದ್ದಾರೆ. ನಾಳೆ ಒಂದು ದಿನ ಹೇಗೋ ಗೆದ್ದುಬಿಡು, ಆಮೇಲೆ ಸಮಾಧಾನದಲ್ಲಿ ಹೇಳ್ತೀನಿ."

ಅವನು ಗೂಡಿನ ಕಡೆ ಹೊರಟುಹೋದ. ನಾನು ಒಳ್ಳೆಯ ಸಲಹೆ ಕೊಟ್ಟೆ ಅನ್ನುವ ತೃಪ್ತಿಯಲ್ಲಿ ಎರಡು ಮೀನು ಜಾಸ್ತಿ ತಿಂದೆ.

ಆಟದ ದಿನ ಅವನು ಒಂಟಿಕಾಲಿನಲ್ಲಿ ನಿಲ್ಲಲು ಹೋಗಿ ಮಗುಚಿ ಬಿದ್ದ. ಗಿಡ್ಡ ಕಾಲು, ಮಾಡುವುದೇನು. ಏರಿಯೆಲ್ಲ ನಕ್ಕಿತು, ನಗು ಶುರುಮಾಡಿದವನು ನಾನೇ. ಆಮೇಲೆ ಮೊದಲ ಕಲ್ಲು ತಂದ, ಎರಡನೆಯದು ತಂದ. ಪ್ರತಿ ಸಲವೂ ಕೊರಡಿನ ಕಡೆ ನೋಡಿ, ರೆಕ್ಕೆ ಮುಚ್ಚಿಕೊಂಡೇ ನೀರಿನಲ್ಲಿ ಕಾದ. ಮೂರನೆಯದನ್ನು ತಂದಾಗ ಅವನ ಬೆನ್ನು ನೀರಿನೊಳಗಿತ್ತು. ನಾಲ್ಕನೆಯದಕ್ಕೆ ಕತ್ತು ಮಾತ್ರ ಕಾಣುತ್ತಿತ್ತು. ಗೂಡಿನ ಅಂಚಿನಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಅವನು ಕೊರಡಿನ ಕಡೆ ನೋಡುವುದನ್ನು ಬಿಟ್ಟು ನನ್ನ ಕಡೆ ನೋಡಿದ. ನಾನು ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದೆ.

ಐದನೆಯ ಕಲ್ಲಿಗೆ ಮುಳುಗಿದವನು ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ನೀರಿನ ಮೇಲೆ ಕೊಕ್ಕೊಂದು ಬಂತು, ಅದರ ತುದಿಯಲ್ಲಿ ಬಿಳಿ ಕಲ್ಲು. ಹಂಸರಾಜ ಅದನ್ನು ಕಿತ್ತುಕೊಂಡು ಏರಿಗೆ ಮುಟ್ಟಿಸಿದ. ಗೆದ್ದೆವು.

"ನಮ್ಮ ನೀರಣ್ಣ!" ಅಂತ ನನಗೆ ಗೊತ್ತಿಲ್ಲದೆಯೇ ಕೂಗಿದ್ದೆ. "ನೀರಣ್ಣ! ನೀರಣ್ಣ!" ಅಂತ ಸಾವಿರ ಬೆಳ್ಳಕ್ಕಿಗಳು ಹಳೆಯ ಅಭ್ಯಾಸದಂತೆ ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿ ಸೂರ್ಯನ ಕಡೆ ತಿರುಗಿ ನಿಂತವು. ಧವಳಪ್ಪನವರೂ ನಿಂತರು. ನಾನೂ ನಿಂತೆ. ಇಡೀ ಕೆರೆಯಲ್ಲಿ ರೆಕ್ಕೆ ಮುಚ್ಚಿಕೊಂಡಿದ್ದವನು ಅವನೊಬ್ಬನೇ, ಮತ್ತು ಅವನು ಮುಳುಗುತ್ತಿದ್ದ. ಗರಿಗೆ ಕೆಸರಾದೀತು ಅಂತ ನಮ್ಮಲ್ಲಿ ಯಾರೂ ಇಳಿಯಲಿಲ್ಲ. ಎದುರು ತಂಡದ ಗುಳುಮುಳುಕ ಕೆಳಗೆ ಹೋಗಿ ಅವನ ಕತ್ತು ಹಿಡಿದು ಎತ್ತಿತು. ನಾಲ್ಕು ಬಾತುಗಳು ಸೇರಿ ಬೆನ್ನಿನ ಮೇಲೆ ಒರಗಿಸಿಕೊಂಡು ಕೋಡಿಯ ಕಡೆ ಸಾಗಿಸಿದವು. ಇನ್ನೆರಡು ಬಾತುಗಳು ಹಿಂದಿರುಗಿ ಬಂದು ಗೂಡಿನ ಕೆಳಗೆ ನಿಂತವು. ಹೆಂಡತಿ ಮರಿಗಳನ್ನು ಒಂದೊಂದಾಗಿ ಅವುಗಳ ಬೆನ್ನಿಗೆ ಇಳಿಸಿ, ನಮ್ಮ ಕಡೆ ತಿರುಗಿಯೂ ನೋಡದೆ ಹೊರಟಳು.

ಆಮೆ ಕತ್ತು ಹೊರಗೆ ಹಾಕಿ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿತು. ಕಟ್ಟಳೆಯನ್ನು ನಿಧಾನವಾಗಿ ಓದಿತು. ಈ ಕೆರೆಯವರು ಯಾರೇ ರೆಕ್ಕೆ ಬಿಚ್ಚಿ ನಿಂತರೂ ಅಂತ ಇದೆ, ಒಬ್ಬನ ಹೊರತು ಎಲ್ಲರೂ ನಿಂತಿದ್ದೀರಿ, ಐದು ಕಲ್ಲೂ ಸಲ್ಲುವುದಿಲ್ಲ, ನೀವು ಸೋತಿದ್ದೀರಿ ಅಂತು.

ಬಿಚ್ಚಿದ ರೆಕ್ಕೆಯನ್ನು ಮುಚ್ಚಲೂ ತೋಚದೆ ಸಾವಿರ ಮುಖ ಮತ್ತೆ ನನ್ನ ಕಡೆ ತಿರುಗಿದವು. ಯಾರನ್ನು ಬೈಯಬೇಕು ಅಂತ ನಾನು ಹೇಳಬೇಕಿತ್ತು. ಕೋಡಿಯ ಹತ್ತಿರ ಬಂಡೆಯ ಮೇಲೆ ಅವನನ್ನು ಮಲಗಿಸಿ, ಬಾತುಗಳು ಒಂದೊಂದು ರೆಕ್ಕೆಯನ್ನು ಕೊಕ್ಕಿನಿಂದ ಹಿಡಿದು ಬಿಸಿಲಿಗೆ ಬಿಚ್ಚುತ್ತಿದ್ದವು. ಅದನ್ನು ನೋಡಿದವನೇ ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಇದ್ದಷ್ಟು ಶಕ್ತಿ ಹಾಕಿ ಕೂಗಿದೆ.

"ಅದು ಪ್ರಾರ್ಥನೆ ಅಲ್ಲ, ಅವನು ರೆಕ್ಕೆ ಒಣಗಿಸುವವ!"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನನ್ನ ಜನ ಕೊನೆಗೂ ಯೋಚಿಸುತ್ತಿದ್ದಾರೆ ಅಂದುಕೊಂಡೆ. ಅವರು ಕೊನೆಯ ಪದ ಯಾವುದು ಅಂತ ಹುಡುಕುತ್ತಿದ್ದರು ಅಷ್ಟೆ.

"ಒಣಗಿಸುವವ! ಒಣಗಿಸುವವ!" ಅಂತ ಹಂಸರಾಜ ಶುರುಮಾಡಿದ. ಏರಿಯೆಲ್ಲ ಎತ್ತಿಕೊಂಡಿತು. ಕಾಗೆ ಅನ್ನುವುದನ್ನು ಯಾವ ದನಿಯಲ್ಲಿ ಕೂಗಿದ್ದರೋ ಅದೇ ದನಿ. ಬಂಡೆಯ ಮೇಲೆ ಅವನು ತಲೆ ಎತ್ತಿ ನೋಡಿ ಮತ್ತೆ ಬಿಸಿಲಿಗೆ ತಿರುಗಿದ.

ಈಗ ಅವನು ಕೆಳಗಿನ ಕೆರೆಯ ಮುಳುಗುಗಾರ. ಪ್ರತಿ ವರ್ಷ ನಮ್ಮನ್ನು ಸೋಲಿಸುತ್ತಾನೆ. ನಮ್ಮ ಮರಿಗಳು ಮೊಟ್ಟೆಯಿಂದ ಬಂದ ವಾರದಲ್ಲೇ "ಒಣಗಿಸುವವ" ಅನ್ನುವ ಬೈಗುಳ ಕಲಿಯುತ್ತವೆ. ಅದರ ಅರ್ಥ ಏನು ಅಂತ ಮೊನ್ನೆ ಒಂದು ಮರಿ ಕೇಳಿತು. ನಾನು ಕೂಗು ಕಲಿಸುತ್ತಿದ್ದ ಹೊತ್ತು ಅದು, ಹಿಂದೆ ಇನ್ನೂ ಇಪ್ಪತ್ತು ಮರಿ ಸಾಲಾಗಿ ನಿಂತಿದ್ದವು. ದನಿ ಇನ್ನೂ ಸ್ವಲ್ಪ ಮೇಲೆ ಹೋಗಬೇಕು ಅಂತ ಹೇಳಿ, ಮುಂದಿನದನ್ನು ಕರೆದೆ.