ಅರ್ಧ ಮುಯ್ಯಿ

ಬೇವೂರಿನ ಎರೆಹೊಲದಲ್ಲಿ ಕರಿಕೆ ಹುಲ್ಲು ಬೇರುಬಿಟ್ಟರೆ ಮುಗಿಯಿತು, ಬೇಸಿಗೆಯಲ್ಲಿ ಆಳವಾಗಿ ಅಗೆದೇ ಕೀಳಬೇಕು. ಒಂದು ಮನೆಯವರಿಂದ ಆಗುವ ಕೆಲಸವೇ ಅದು? ಅದಕ್ಕೇ ಮುಯ್ಯಿ: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಗಂಡಸರೆಲ್ಲ ಸಾಲಾಗಿ ನಿಂತು ಒಟ್ಟಿಗೇ ಗುದ್ದಲಿ ಎತ್ತಬೇಕು, ಒಟ್ಟಿಗೇ ಇಳಿಸಬೇಕು. ಮಹಾಯುದ್ಧ ನಡೆದಿದ್ದ ಆ ವರ್ಷ ಸಾಲು ಕೆಡಿಸುತ್ತಿದ್ದವನು ಒಬ್ಬನೇ, ವಿರುಪಣ್ಣನ ತಮ್ಮ ಹೇಮಪ್ಪ.

ವಿರುಪಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಮನೆಯ ಮುಯ್ಯಿ ಎಂದರೆ ಊರಲ್ಲಿ ಒಂದು ಹೆಸರು. ಅಪ್ಪ ಹೊಲಕ್ಕಿಂತ ಹೆಚ್ಚಾಗಿ ಗಳಿಸಿಟ್ಟಿದ್ದು ಅದನ್ನೇ. ಈ ಹೇಮಪ್ಪ ನೋಡಿದರೆ ಬಾಗಿಲಂಥ ಎದೆಯವನು, ನಾಲ್ಕು ಏಟು ಹಾಕಿ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂಡುತ್ತಿದ್ದ. ಕೂತರೆ ಸಾಕು, ಮುಖಕ್ಕೆ ಕಳೆ ಬಂದು ನಗುನಗುತ್ತ ಮಾತಾಡುತ್ತಿದ್ದ! ಎದ್ದು ಗುದ್ದಲಿ ಹಿಡಿದರೆ ಮತ್ತೆ ಅದೇ ನೋವು. ಇಂಥ ಸೋಗನ್ನು ಯಾರು ನಂಬಬೇಕು?

ಒಂದು ಮುಂಜಾನೆ ತನ್ನ ಹೊಲದಲ್ಲಿ ಅಂದಪ್ಪ ಎಲ್ಲರೆದುರಿಗೇ ಅಂದುಬಿಟ್ಟ:

"ವಿರುಪಣ್ಣಾ, ಸಿಟ್ಟಾಗಬ್ಯಾಡಪಾ. ನಿನ್ನ ತಮ್ಮಂದು ಇನ್ಮ್ಯಾಲೆ ಅರ್ಧ ಮುಯ್ಯಿ ಹಿಡಿತೀವಿ. ಹೆಣ್ಮಕ್ಕಳಿಗೆ ಹಿಡದಂಗ."

ಸಾಲಿಗೆ ಸಾಲೇ ಕಿಸಕ್ಕನೆ ನಕ್ಕಿತು. ವಿರುಪಣ್ಣನಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. ದಡದಡ ಬದುವಿಗೆ ಹೋಗಿ ತಮ್ಮನ ರಟ್ಟೆ ಹಿಡಿದು ಎಬ್ಬಿಸಿದ.

"ಅಣ್ಣಾ, ಖರೇನ ಹೇಳ್ತೀನೋ, ಎದಿ ಮ್ಯಾಲೆ ಗುಂಡುಕಲ್ಲು ಹೇರಿದಂಗ ಆಗತೈತಿ. ಎಡಗೈ ಜೋಮು ಹಿಡಿತೈತಿ."

"ಕುಂತ್ರ ಹೋಗತೈತಿ, ಎದ್ರ ಬರತೈತಿ! ಇಂಥಾ ಶಾಣ್ಯಾ ಬ್ಯಾನಿ ಎಲ್ಲೈತಲೇ? ಇದು ಬ್ಯಾನಿ ಅಲ್ಲ, ಮೈಗಳ್ಳತನ. ನಡಿ, ಸಾಲಿನ ಮುಂದ ನಿಂದ್ರು. ಮನಿ ಮಾನ ಉಳಸು."

ಬುತ್ತಿ ಹೊತ್ತು ಬಂದಿದ್ದ ಹೇಮಪ್ಪನ ಹೆಂಡತಿ ಯಮನೂರಮ್ಮ ಸೆರಗು ಎಳೆದುಕೊಂಡು, "ಭಾವಾರ, ಇವತ್ತೊಂದಿನ ಬಿಡ್ರಿ," ಎಂದಳು.

"ಯವ್ವಾ, ನೀ ನಡುವ ಬರಬ್ಯಾಡ."

ಹೇಮಪ್ಪ ಹೋಗಿ ನಿಂತ. ಅವನಿಗೂ ರೋಷ ಬಂದಿತ್ತು. ಎತ್ತಿ ಎತ್ತಿ ಹಾಕಿದ ಏಟಿಗೆ ಬಂಡೆಯಂಥ ಹೆಂಟೆಗಳು ಮಗುಚಿ ಬಿದ್ದವು. "ಭಲೇ ಹೇಮಪ್ಪಾ!" ಎಂದು ಕೂಗಿದರು. "ಇದು ನೋಡಪಾ ಪೂರಾ ಮುಯ್ಯಿ!" ಎಂದ ಅಂದಪ್ಪ. ವಿರುಪಣ್ಣ ಹಿಗ್ಗಿ ಮೀಸೆ ತಿರುವಿದ. ತಮ್ಮನ ಬೆವರು ಅವನಿಗೆ ಕಂಡಿತ್ತು, ಬಿಳುಚಿದ ಮುಖವೂ ಕಂಡಿತ್ತು. ಆದರೂ ಸಾಕು ಬಿಡೋ ಎನ್ನಲಿಲ್ಲ.

ನೆಲಕ್ಕಿಳಿದ ಗುದ್ದಲಿ ಮತ್ತೆ ಮೇಲೇಳಲಿಲ್ಲ. ಹೇಮಪ್ಪ ಅದರ ಮೇಲೆಯೇ ಬೋರಲು ಬಿದ್ದ. ನೀರು ತರುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ಸರ್ಕಾರಿ ಡಾಕ್ಟರು ಬಂದರು. ಪ್ಲೇಗಿನ ಸೂಜಿ ಹಾಕಲು ಊರಿಗೆ ಬಂದಿದ್ದವರು, ಒಮ್ಮೆಗೇ ಸತ್ತನೆಂದು ಕೇಳಿ ಗಾಬರಿಯಾಗಿದ್ದರು. ಜ್ವರವಿತ್ತೇ, ಗಂಟು ಎದ್ದಿತ್ತೇ ಎಂದು ವಿಚಾರಿಸಿದರು. ಅಂದಪ್ಪ ಇದ್ದದ್ದು ಇದ್ದಂತೆ ಹೇಳಿದ: ದುಡಿದರೆ ಎದೆನೋವು, ಕೂತರೆ ಇಲ್ಲ.

"ಹಂಗಾದ್ರ ಪ್ಲೇಗ್ ಅಲ್ಲ," ಎಂದರು ಡಾಕ್ಟರು. "ಎದಿಗುಂಡಿಗಿಗೂ ರಕ್ತ ಬೇಕಾಗತದ್ರಿ. ಅದರ ನಾಳ ಸಣ್ಣಾಗಿದ್ರ, ಕುಂತಾಗ ಹೆಂಗೋ ಸಾಲತದ. ಮೈಮುರದು ದುಡದ್ರ ಸಾಲಂಗಿಲ್ಲ. ಕುಂತ್ರ ಹೋಗತದ, ಎದ್ರ ಬರತದ. ಅದೇ ಈ ರೋಗದ ಗುರ್ತು. ಇಂಥಾವನ್ನ ಗುದ್ದಲಿ ಕೆಲಸಕ್ಕ ಯಾರು ಹಚ್ಚಿದ್ರು?"

ಅಂಗಳದಲ್ಲಿ ಕೂತವರೆಲ್ಲ ಕಣ್ಣಾರೆ ಕಂಡವರೇ. ವಿರುಪಣ್ಣ ಬಾಯಿ ತೆರೆದ.

ಬಾಗಿಲ ಮರೆಯಿಂದ ಯಮನೂರಮ್ಮನ ದನಿ ಬಂತು.

"ಯಾರೂ ಹಚ್ಚಲಿಲ್ರಿ. ತಾವಾಗೇ ಹೋದ್ರು. ನಮ್ಮ ಭಾವಾರು ಬ್ಯಾಡಂತ ಕೈ ಹಿಡಕೊಂಡ್ರು, ಕೇಳಲಿಲ್ಲ."

ಡಾಕ್ಟರು ವಿರುಪಣ್ಣನ ಕಡೆ ತಿರುಗಿದರು. "ಹೌದೇನಪಾ?"

"ಹೌದ್ರಿ," ಎಂದ ವಿರುಪಣ್ಣ.