ಅಣ್ಣನ ಬಿಳಿ ಹಾಳೆ

ಹತ್ತು ಜನ ಒಂದು ಮಾತು ಹೇಳಿ, ಒಬ್ಬ ಇನ್ನೊಂದು ಹೇಳಿದರೆ ನೀವು ಯಾರನ್ನು ನಂಬುತ್ತೀರಿ? ಹತ್ತು ಜನರನ್ನು ಅಂತೀರಿ, ಸರಿ. ಆ ಒಬ್ಬ ನಿಮ್ಮ ಒಡಹುಟ್ಟಿದ ಅಣ್ಣನಾಗಿದ್ದರೆ? ಅದೂ ಇಪ್ಪತ್ತಾರು ವರ್ಷ ಡ್ರಿಲ್ಲಿಂಗ್ ಮಿಷನ್ ಹಿಡಿದು, ಪೈಪಿಗೆ ವೈರಿಗೆ ಗೋಡೆ ಕೊರೆದೇ ಸಂಸಾರ ಸಾಗಿಸಿದವನಾಗಿದ್ದರೆ? ಈಗ ಹೇಳಿ ನೋಡೋಣ. ಆ ಶನಿವಾರ ಹಿಡಿಕೆ ಮೇಡಂ ತಲೆ ಮೊಸರುಗಡಿಗೆ ಆಗಿದ್ದು ಇದೇ ಕಾರಣಕ್ಕೆ.

ಹಿಡಿಕೆ ಮೇಡಂ ಅಂತ ಹೆಸರಿಟ್ಟವರು ಕಾರ್ಖಾನೆಯವರು. ಗೋಡೆ ಕೊರೆಯುವ ಮಿಷನ್ ತಯಾರಿಸುವ ಕಾರ್ಖಾನೆ ಅದು. ಒಳಗಿನ ಮೋಟಾರು, ಗಿಯರು ಎಲ್ಲ ಬೇರೆಯವರ ತಲೆನೋವು. ಮನುಷ್ಯನ ಕೈ ಎಲ್ಲಿ ತಾಗುತ್ತದೋ ಅಷ್ಟು ಮಾತ್ರ ಇವಳದು. ಜೇಡಿಮಣ್ಣು ಕಲಸಿ, ಸಿಕ್ಕಸಿಕ್ಕವರ ಕೈಯಲ್ಲಿ ಹಿಸುಕಿಸಿ, ಬೆರಳು ಬಿದ್ದ ಗುಳಿ ಅಳೆದು, ಉಜ್ಜಿ, ಕೆತ್ತಿ ಹಿಡಿಕೆ ಮಾಡುವುದು ಅವಳ ಕೆಲಸ. ಬಸ್ಸಿನಲ್ಲಿ ನಿಂತರೂ ಅವಳ ಕಣ್ಣು ಜನರ ಮುಖಕ್ಕೆ ಹೋಗುವುದಿಲ್ಲ, ಕಂಬಿ ಹಿಡಿದ ಕೈಗೆ ಹೋಗುತ್ತದೆ. ಪಕ್ಕದ ಮನೆಯಾಕೆ ಎದುರಿಗೆ ಸಿಕ್ಕರೆ ಗುರುತು ಹತ್ತುವುದು ಒಂದು ಗಳಿಗೆ ತಡ, ಆದರೆ ಆಕೆಯ ಹೆಬ್ಬೆರಳು ಚಿಕ್ಕದು ಅನ್ನೋದು ಇವಳಿಗೆ ಬಾಯಿಪಾಠ.

ಪರೀಕ್ಷೆ ನಡೆಯುವುದು ಹೀಗೆ. ಹೊಸ ಹಿಡಿಕೆ ತಯಾರಾದ ಮೇಲೆ ಹತ್ತು ಜನ ಬಂದು ಕಾಂಕ್ರೀಟಿನಲ್ಲಿ ಅರ್ಧರ್ಧ ಗಂಟೆ ತೂತು ಕೊರೆಯುತ್ತಾರೆ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅದರ ಮೇಲೆ ಅಂಗೈಯ ಚಿತ್ರ. ಎಲ್ಲಿ ನೋವು, ಎಲ್ಲಿ ಉರಿ, ಎಲ್ಲಿ ಜೋಮು ಅಂತ ಕೆಂಪು ಪೆನ್ಸಿಲ್ಲಿನಲ್ಲಿ ಗೀಚಬೇಕು. ಇಷ್ಟು ಕಾರ್ಖಾನೆಯ ನಿಯಮ. ನಿಯಮದಲ್ಲಿಲ್ಲದ ಹನ್ನೊಂದನೇ ಕೈ ಅಣ್ಣನದು. ಶನಿವಾರ ಬೆಳಗ್ಗೆ ಮಿಷನ್ ಚೀಲಕ್ಕೆ ಹಾಕಿಕೊಂಡು ಅವನ ಮನೆಗೆ ಹೋಗುವುದು, ಅವನ ಹಿತ್ತಿಲ ಗೋಡೆ ಕೊರೆಸುವುದು, ಅವನ ಹಾಳೆಯನ್ನೂ ಹತ್ತರ ಜೊತೆ ಸೇರಿಸುವುದು ಅವಳು ಬೆಳೆಸಿಕೊಂಡ ಪದ್ಧತಿ. ಎರಡು ವರ್ಷದ ಹಿಂದೆ ಅವಳ ಮೊದಲ ಹಿಡಿಕೆಗೆ ಮೂರು ಜನ ಜೋಮು ಜೋಮು ಅಂತ ಗೀಚಿದ್ದರು. ಅಣ್ಣನ ಹಾಳೆ ಹಾಲಿನಷ್ಟು ಬಿಳಿ. "ಕಸುಬಿನವನ ಕೈ ಸುಳ್ಳು ಹೇಳುತ್ತಾ ಸರ್?" ಅಂತ ಮ್ಯಾನೇಜರ್ ಮುಂದೆ ಎದೆ ತಟ್ಟಿಕೊಂಡು ವಾದಿಸಿ ಗೆದ್ದಿದ್ದಳು. ಆ ಮಿಷನ್ ಈಗ ಅಂಗಡಿ ಅಂಗಡಿಯಲ್ಲಿದೆ.

ಈ ಸಲ ಪೇಚಾಟ ದೊಡ್ಡದು. ಹಿಡಿಕೆ ಎರಡು. ನೀಲಿ ರಬ್ಬರಿನದು ಸಪೂರ, ಅಂಗೈಗೆ ಬಂದು ಕೂತರೆ ಇಳಿಸಲು ಮನಸ್ಸಾಗದು. ಅವಳ ಪ್ರಾಣ ಅದರ ಮೇಲೆ. ಕೆಂಪು ದಪ್ಪಗೆ, ಮಿಷನ್ನಿಗೂ ಅದಕ್ಕೂ ನಡುವೆ ಸ್ಪ್ರಿಂಗು, ನೋಡಲು ಕುಂಬಳಕಾಯಿ. ಸಂಜೆ ಐದರೊಳಗೆ ಎರಡರಲ್ಲಿ ಒಂದು ಹೇಳಿಬಿಡಬೇಕು. ಹೇಳಿದ್ದು ಉಕ್ಕಿನ ಅಚ್ಚಾಗುತ್ತದೆ; ಅಚ್ಚಾದದ್ದನ್ನು ತಿದ್ದಲಾಗದು, ಅದೇ ಹಿಡಿಕೆ ಸಾವಿರಾರು ಕೈಗೆ ಹೋಗುತ್ತದೆ. ಹತ್ತು ಜನರೂ ಕೆಂಪು ಅಂದರು. ನೀಲಿಯ ಹಾಳೆಗಳಲ್ಲಿ ಬೆರಳ ತುದಿಯೆಲ್ಲ ಕೆಂಪು ಗೀಚು. ಅಣ್ಣ ಮಾತ್ರ ಕಳೆದ ಎರಡು ಶನಿವಾರವೂ, "ನೀಲಿ ಕಣೇ ಪುಟ್ಟಿ, ಬೆಣ್ಣೆ!" ಅಂದ.

ಅವಳು ಮೊದಲು ಬೈದದ್ದು ಕಂಪನ ಅಳೆಯುವ ಮೀಟರಿಗೆ. ಅದೂ ನೀಲಿಯೇ ಹೆಚ್ಚು ಅದುರುತ್ತದೆ ಅಂತ ತೋರಿಸುತ್ತಿತ್ತಲ್ಲ! ರಿಪೇರಿಗೆ ಕಳಿಸಿದಳು, ಸರಿಯಾಗಿದೆ ಅಂತ ವಾಪಸ್ ಬಂತು. ರಬ್ಬರಿನ ಅಂಟು ಬಿಟ್ಟಿರಬೇಕು ಅಂತ ಬಿಚ್ಚಿ ಮತ್ತೆ ಅಂಟಿಸಿದಳು. ಆ ಹತ್ತು ಜನ ಮಾತಾಡಿಕೊಂಡು ಬರೆದಿದ್ದಾರೆ ಅಂತ ಅನುಮಾನಪಟ್ಟು, ಒಬ್ಬೊಬ್ಬರನ್ನೇ ಕರೆದು ಇನ್ನೊಮ್ಮೆ ಕೊರೆಸಿದಳು. ಅವರಲ್ಲಿ ಒಬ್ಬಾಕೆ ಬೆರಳು ಕೊಡವುತ್ತಾ, "ಮೇಡಂ, ನಿಮಗೆ ನೀಲಿ ಬೇಕಿದ್ರೆ ನೀಲಿ ಅಂತಲೇ ಬರೀತೀನಿ. ನನ್ನ ಬೆರಳನ್ನ ಮಾತ್ರ ಕೇಳಬೇಡಿ," ಅಂದಳು. ಮೇಡಂಗೆ ರೇಗಿತು. ನಾಚಿಕೆಯೂ ಆಯಿತು.

ಆ ಶನಿವಾರ ಬೆಳಗ್ಗೆ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಬಾಗಿಲಲ್ಲೇ ಅಣ್ಣನನ್ನು ನಿಲ್ಲಿಸಿಕೊಂಡು ಅವನು ತೊಟ್ಟ ಅಂಗಿಯ ಗುಂಡಿ ಹಾಕುತ್ತಿದ್ದರು.

"ಏನ್ ಅತ್ತಿಗೆ, ಹೊಸ ಮದುವೆ ಹೆಣ್ಣಿನ ಥರ!"

"ನಿಮ್ಮಣ್ಣನಿಗೆ ಈಗ ಸೇವೆ ಮಾಡಿಸ್ಕೊಳ್ಳೋ ಚಟ ಹತ್ತಿದೆ ಕಣಮ್ಮ," ಅಂದರು ಅತ್ತಿಗೆ. "ಒಳಗೆ ಬಾ. ಟೀ ಕೊಡ್ತೀನಿ, ಸ್ಟೀಲ್ ಲೋಟದಲ್ಲೇ ಕೊಡ್ತೀನಿ. ಗಾಜಿಂದು ಈ ಮನೆಯಲ್ಲಿ ಒಂದೂ ಉಳಿದಿಲ್ಲ."

ಅಣ್ಣ ಹ್ಹೆಹ್ಹೆ ಅಂತ ನಕ್ಕು ಕಿವಿಗೆ ಮುಚ್ಚಳ ಹಾಕಿಕೊಂಡು ನೀಲಿ ಹಿಡಿಕೆಯ ಮಿಷನ್ ಎತ್ತಿಕೊಂಡ. ಹಿತ್ತಿಲ ಗೋಡೆ ಆಗಲೇ ಜರಡಿಯಾಗಿತ್ತು. ಹತ್ತು ನಿಮಿಷ ಕೊರೆದು ಇಳಿಸಿ, ತಂಗಿಯ ಮುಖ ನೋಡಿ, "ಬೆಣ್ಣೆ," ಅಂದ. ಮಿಷನ್ ಒಳಗಿಡುವ ಮುಂಚೆ ಅವಳೂ ಒಂದು ತೂತು ಕೊರೆದು ನೋಡೋಣ ಅಂತ ಸ್ವಿಚ್ ಒತ್ತಿದಳು ನೋಡಿ, ಹಲ್ಲು ಕಟಕಟ ಅಂತು! ರಬ್ಬರ್ ಸರಿಸಿದರೆ ಒಳಗಿನ ಎರಡು ಸ್ಕ್ರೂ ಬಿಗಿದೇ ಇಲ್ಲ. ಹಿಂದಿನ ರಾತ್ರಿ ಇನ್ನೊಮ್ಮೆ ಬಿಚ್ಚಿ ಅಂಟಿಸುವ ಗಡಿಬಿಡಿಯಲ್ಲಿ ಅವಳೇ ಮರೆತಿದ್ದಳು.

"ಅಣ್ಣಾ, ಇದು ಇಷ್ಟು ಅದುರ್ತಿದೆ, ಬೆಣ್ಣೆ ಅಂತೀಯಲ್ಲೋ!"

"ಅದುರೋದಾ? ನಿನ್ನದು ಮೆತ್ತನೆ ಕೈ ಕಣೇ. ಕುರ್ಚಿ ಮೇಲೆ ಕೂತು ಮಣ್ಣು ಹಿಸುಕೋ ಕೈ," ಅಂತ ಅವನು ಮಾತು ಹಾರಿಸಿದ.

ಇರಬಹುದೇನೋ. ಕಸುಬಿನ ಕೈ ಗಟ್ಟಿ, ಹಾಗಾಗಿ ಅದುರು ತಾಕುವುದಿಲ್ಲ. ಹಾಗಾದರೆ ಆ ಹತ್ತು ಕೈಗಳದ್ದು ಮೆತ್ತನೆಯೇ? ಅವರೂ ದಿನವಿಡೀ ಕೊರೆಯುವವರೇ. ಹಿಡಿಕೆ ಮಾಡುವುದು ಗಟ್ಟಿ ಕೈಗೋ ಮೆತ್ತನೆ ಕೈಗೋ? ಮ್ಯಾನೇಜರಿಗೆ ಫೋನ್ ಮಾಡಿ, ಯಾರ ಹಾಳೆ ನಂಬಲಿ ಅಂತ ಕೇಳಿದಳು. ಆ ಮನುಷ್ಯ ಒಂದು ಮಾತಿಗೆ ಎರಡು ಮಾತು ಆಡುವವನಲ್ಲ.

"ಹತ್ತು ಜನರ ಹಾಳೆ ಮೇಲೂ ಬೆರಳು ಪೆಟ್ಟಿಗೆ ನಂಬರ್ ಇದೆ. ನಿಮ್ಮಣ್ಣನ ಹಾಳೆ ಮೇಲೆ ಯಾವತ್ತೂ ಇರಲಿಲ್ಲ. ಆಗ ಬಿಟ್ಟಿದ್ದು ನನ್ನ ತಪ್ಪು. ಈ ಸಲ ನಂಬರ್ ಹಾಕಿ ತನ್ನಿ, ಲೆಕ್ಕಕ್ಕೆ ತಗೋತೀನಿ."

ಬೆರಳು ಪೆಟ್ಟಿಗೆ ಅಂದರೆ ಮತ್ತೇನಿಲ್ಲ. ಪುಟ್ಟ ಪೆಟ್ಟಿಗೆ, ನಡುವೆ ತೂತು, ತೂತಿನಲ್ಲಿ ಅಕ್ಕಿಕಾಳಿನಷ್ಟು ಮೊಳೆ. ನಾಬ್ ತಿರುಗಿಸಿದಂತೆ ಮೊಳೆ ಸಣ್ಣಗೆ ಅದುರಲು ಶುರುಮಾಡುತ್ತದೆ. ಅದರ ಮೇಲೆ ಬೆರಳ ತುದಿ ಇಟ್ಟು, ಅದುರು ಗೊತ್ತಾದ ಕೂಡಲೇ "ಬಂತು" ಅನ್ನಬೇಕು. ಆಗ ಮುಳ್ಳು ಯಾವ ಗೆರೆಯಲ್ಲಿದೆಯೋ ಅದೇ ನಂಬರ್. ಪರೀಕ್ಷೆಗೆ ಬರುವವರ ಬೆರಳು ಚುರುಕಾಗಿದೆಯೋ ಇಲ್ಲವೋ ನೋಡಲು ಅದು. ಅಣ್ಣನ ಬೆರಳನ್ನು ಅದರ ಮೇಲೆ ಇಡಿಸಬೇಕು ಅಂತ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಅಕ್ಕಸಾಲಿಗನಿಗೆ ಕಣ್ಣು ಕಾಣುತ್ತಾ ಅಂತ ಯಾರಾದರೂ ಕೇಳುತ್ತಾರೆಯೇ?

ಮಧ್ಯಾಹ್ನ ಮೂರಕ್ಕೆ ಅಣ್ಣನನ್ನು ಕಾರ್ಖಾನೆಗೆ ಕರೆತಂದಳು. ಶನಿವಾರ ಅರ್ಧ ದಿನ, ಪರೀಕ್ಷೆ ಕೋಣೆ ಖಾಲಿ. ಬರುವ ದಾರಿಯುದ್ದಕ್ಕೂ ಅಣ್ಣ, ಕೆಲಸ ಇದೆ, ಇನ್ನೊಂದು ದಿನ ಬರ್ತೀನಿ ಅಂತ ಕೊಸರಾಡಿದ್ದ. ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಕಣ್ಣು ಮುಚ್ಚಿಸಿ, ಬಲಗೈ ತೋರುಬೆರಳನ್ನು ಮೊಳೆಯ ಮೇಲೆ ಇಡಿಸಿದಳು. ಅದಕ್ಕೂ ಮುಂಚೆ ತನ್ನ ಬೆರಳು ಇಟ್ಟು ನೋಡಿದ್ದಳು. ಮೂರನೇ ಗೆರೆಗೇ ಬಂದಿತ್ತು. ಹತ್ತು ಜನರಲ್ಲಿ ಯಾರೂ ಆರನೇ ಗೆರೆ ದಾಟಿದವರಿಲ್ಲ.

ನಾಬ್ ತಿರುಗಿಸಿದಳು. ಮೂರು. ಅಣ್ಣ ಸುಮ್ಮನಿದ್ದ. ಆರು. ಕಣ್ಣು ಮುಚ್ಚಿ, ಫೋಟೋಗೆ ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಹತ್ತು. ಹದಿನೈದು. ಮುಳ್ಳು ಇಪ್ಪತ್ತರ ಕೊನೆ ಗೆರೆಗೆ ಹೋಗಿ ನಿಂತಿತು.

"ಯಾವಾಗ ಶುರು ಮಾಡ್ತೀಯೇ?" ಅಂದ ಅಣ್ಣ, ಕಿವಿ ಮುಚ್ಚಿದ್ದರಿಂದ ಜೋರಾಗಿ. "ಟೀ ಹೊತ್ತಾಯ್ತು."

ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡಳು. ಹೌದು, ಆಗಲೂ ಪೆಟ್ಟಿಗೆಯ ಮೇಲೆಯೇ ಅನುಮಾನ! ಅವನ ಬೆರಳು ಸರಿಸಿ ತನ್ನದನ್ನು ಇಟ್ಟಳು. ಜೇನು ಕಚ್ಚಿದಂತಾಗಿ ಕೈ ಹಿಂದಕ್ಕೆಳೆದುಕೊಂಡಳು. ನಡುಬೆರಳು ಇಡಿಸಿದಳು, ಉಂಗುರದ ಬೆರಳು ಇಡಿಸಿದಳು. ಎಡಗೈಯಲ್ಲಿ ಮಾತ್ರ ಹದಿನೇಳಕ್ಕೆ, "ಏನೋ ಬಂದ ಹಾಗಾಯ್ತು," ಅಂದ. ನಾಬ್ ಸೊನ್ನೆಗೆ ತಿರುಗಿಸಿ, ಅವನ ಕಿವಿಯ ಮುಚ್ಚಳ ತೆಗೆದಳು.

"ಅಣ್ಣಾ, ಎಷ್ಟು ದಿನದಿಂದ ಹೀಗೆ?"

ಅವನು ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳ ಮುಖವನ್ನು. ಅಲ್ಲಿ ಏನು ಕಂಡಿತೋ, ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬೆಳಗ್ಗೆ ಹೊತ್ತು ಬೆಳ್ಳಗಾಗ್ತವೆ ಕಣೇ, ಸೀಮೆಸುಣ್ಣದ ಹಾಗೆ. ಆಮೇಲೆ ಸರಿ ಹೋಗ್ತವೆ. ಗುಂಡಿ ಹಾಕಕ್ಕೆ ಆಗಲ್ಲ, ಅಷ್ಟೇ. ಕಣ್ಣಲ್ಲಿ ನೋಡ್ಕೊಂಡು ಹಿಡಿದ್ರೆ ಎಲ್ಲ ಕೆಲಸಾನೂ ಆಗುತ್ತೆ."

"ಮತ್ತೆ ಬೆಣ್ಣೆ ಬೆಣ್ಣೆ ಅಂತ ಹೇಳ್ತಿದ್ಯಲ್ಲ, ಅದು?"

"ನಿನ್ನ ಮುಖ ನೋಡಿ ಹೇಳ್ತಿದ್ದೆ," ಅಂದ ಅಣ್ಣ. "ಚಿಕ್ಕಂದಿನಿಂದ ನೋಡಿಲ್ವಾ ನಾನು ನಿನ್ನ. ನಿನಗೆ ಯಾವುದು ಇಷ್ಟ ಅಂತ ಚೀಲದಿಂದ ತೆಗೆಯೋವಾಗಲೇ ಗೊತ್ತಾಗ್ತಿತ್ತು. ಬೆರಳಿಗೆ ಗೊತ್ತಾಗಲ್ಲ ಅಂದಿದ್ರೆ ನೀನು ನಿಮ್ಮತ್ತಿಗೆಗೆ ಹೇಳ್ತಿದ್ದೆ, ಅವಳು ಮಿಷನ್ ಬಚ್ಚಿಡ್ತಿದ್ಲು. ಆಮೇಲೆ ನಾನು ಏನು ಮಾಡ್ಲಿ, ಹೇಳು? ಇನ್ನೊಂದು ಕೆಲಸ ಬರುತ್ತಾ ನನಗೆ?"

ಅವಳಿಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ. ಎರಡನ್ನೂ ನುಂಗಿಕೊಂಡು ಕೇಳಬೇಕಾದ್ದನ್ನು ಕೇಳಿದಳು.

"ಎರಡು ವರ್ಷದ ಹಿಂದೆ ನನ್ನ ಮೊದಲನೇ ಹಿಡಿಕೆ ನೋಡಿದ್ಯಲ್ಲ. ಆಗಲೂ ಬೆರಳು ಹೀಗೇ ಇತ್ತಾ?"

ಅಣ್ಣ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆ ಗಂಟು ಹಾಕಿ.

"ಆಗ... ಸ್ವಲ್ಪ ಇತ್ತೇನೋ. ಇಲ್ಲ, ಇರಲಿಲ್ಲ. ನೀನು ಕೊಟ್ಟ ಆ ಮಿಷನ್‌ನಲ್ಲೇ ಅಲ್ವಾ ಅವತ್ತಿಂದ ಕೆಲಸ ಮಾಡ್ತಿರೋದು. ಹಳೇದನ್ನ ಮುಟ್ಟೇ ಇಲ್ಲ. ಅದಾದ ಮೇಲೆ ಜಾಸ್ತಿ ಆಯ್ತು. ಇಲ್ಲ ಪುಟ್ಟಿ, ಮುಂಚೇನೂ ಇದ್ದಿರಬಹುದು. ಹೇಳಕ್ಕೆ ಬರಲ್ಲ."

ಇದಕ್ಕೆ ಅವಳು ಏನು ಮಾಡಬೇಕು? ಬೆರಳು ಸತ್ತಿದ್ದರಿಂದ ಅವನು ಆ ಹಿಡಿಕೆಯನ್ನು ಒಪ್ಪಿದನೋ, ಆ ಹಿಡಿಕೆ ಹಿಡಿದು ಹಿಡಿದು ಅವನ ಬೆರಳು ಸತ್ತವೋ? ಮೊದಲಿನದಾದರೆ ಅವಳು ಮೋಸ ಹೋದವಳು. ಎರಡನೆಯದಾದರೆ ಅಣ್ಣನ ಕೈ ತೆಗೆದವಳು. ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರೂ ಬಗೆಹರಿಯಲಿಲ್ಲ. ಪೆಟ್ಟಿಗೆ ಇವತ್ತಿನ ಲೆಕ್ಕ ಹೇಳುತ್ತದೆ, ಎರಡು ವರ್ಷದ ಹಿಂದಿನದನ್ನು ಹೇಳುವುದಿಲ್ಲ. ಆವತ್ತು ಐದೇ ನಿಮಿಷ ಕೂರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ನಾಲ್ಕೂಮುಕ್ಕಾಲಿಗೆ ಮ್ಯಾನೇಜರೇ ಫೋನ್ ಮಾಡಿದ.

"ಕೆಂಪಾ, ನೀಲೀನಾ? ಒಂದೇ ಮಾತಲ್ಲಿ ಹೇಳಿ."

"ಕೆಂಪು ಸರ್."

"ಸರಿ."

"ಸರ್, ಇಡಬೇಡಿ. ಅಂಗಡಿಯಲ್ಲಿರೋ ನನ್ನ ಮೊದಲನೇ ಹಿಡಿಕೆ, ಅದನ್ನ ನಿಲ್ಲಿಸಬೇಕು. ಪುನಃ ಪರೀಕ್ಷೆ ಮಾಡಬೇಕು."

"ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ? ಅದಕ್ಕೆ ಸಹಿ ಹಾಕಿದವರು ನೀವು. ನಿಮ್ಮ ಕೆಲಸದ ಕತೆ ಏನಾಗುತ್ತೆ ಯೋಚಿಸಿದ್ದೀರಾ? ಕಾರಣ ಏನು?"

"ಕಾರಣ ನನಗೇ ಪೂರ್ತಿ ಗೊತ್ತಾಗ್ತಿಲ್ಲ ಸರ್. ಸೋಮವಾರ ಬಂದು ಹೇಳ್ತೀನಿ. ಆದ್ರೆ ನಿಲ್ಲಿಸಿ." ಅಂದು ಫೋನ್ ಇಟ್ಟಳು.

ಅಣ್ಣ ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಸಣ್ಣದಾಗಿತ್ತು.

"ನನ್ನ ಕೈಯಿಂದ ನಿನ್ನ ಕೆಲಸಕ್ಕೆ ಕುತ್ತು ಬಂತಲ್ಲೇ."

"ಹಾಗಲ್ಲ ಅಣ್ಣಾ."

"ಹಾಗೇ. ನನ್ನ ಕೈ ಸರಿಯಿದ್ರೆ ನಿನ್ನ ಮಿಷನ್ನೂ ಸರಿ, ಅಲ್ವಾ? ನಾನು ಆಗ ಎಲ್ಲೋ ನೋಡ್ಕೊಂಡು ಕೂತಿದ್ದೆ, ಗಮನ ಇರಲಿಲ್ಲ. ಇನ್ನೊಂದ್ಸಲ ಹಾಕು. ಈ ಸಲ ಗಮನ ಕೊಡ್ತೀನಿ."

"ಬೇಡ ಬಾ, ಮನೆಗೆ ಹೋಗೋಣ."

"ಹಾಕು ಅಂದ್ನಲ್ಲ!" ಅಂತ ಗದರಿ, ತಾನೇ ಮುಚ್ಚಳ ಎತ್ತಿ ಕಿವಿಗೆ ಹಾಕಿಕೊಂಡ. ಅಂಗಿಯ ತುದಿಗೆ ತೋರುಬೆರಳನ್ನು ಚೆನ್ನಾಗಿ ಉಜ್ಜಿದ. ಮೊಳೆ ಎಲ್ಲಿದೆ ಅಂತ ಬಗ್ಗಿ ನೋಡಿ, ಬೆರಳನ್ನು ಅದರ ಮೇಲೆ ಇಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಾ ಕೂತಳು. ನಾಬ್ ಮುಟ್ಟಲು ಮನಸ್ಸಾಗಲಿಲ್ಲ. ಮುಳ್ಳು ಸೊನ್ನೆಯ ಮೇಲಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ಮುಖ ಅರಳಿತು.

"ಬಂತು!" ಅಂದ. "ಬಂತು ಪುಟ್ಟಿ, ಬಂತು!"