ಮೂರನೆಯ ಸದ್ದು

ನಾನು ಒಂದು ಸ್ಟೆತಸ್ಕೋಪ್. ಕಾರ್ಖಾನೆಯಲ್ಲಿ ಉಕ್ಕನ್ನು ಕಡೆದು ನನಗೆ ಮುಖ ಮಾಡಿದರು, ಕಪ್ಪು ರಬ್ಬರಿನಿಂದ ಕೊರಳು. ಬಾಯಿ ಕೊಡಲಿಲ್ಲ. ಕೇಳಿದ್ದನ್ನು ಒಬ್ಬರ ಕಿವಿಗೆ ಮಾತ್ರ ಮುಟ್ಟಿಸುತ್ತೇನೆ.

ನನ್ನನ್ನು ಮೊದಲು ಧರಿಸಿದವರು ಡಾಕ್ಟರ್ ಶಾಂತಾ ಹೊಸಮನಿ. ಧಾರವಾಡದಿಂದ ಮೈಸೂರಿಗೆ ಬಂದು, ರಕ್ತದ ಕ್ಯಾನ್ಸರ್ ಆದ ಮಕ್ಕಳ ವಾರ್ಡು ನೋಡಿಕೊಳ್ಳುತ್ತಿದ್ದರು. ಪುಟ್ಟ ಎದೆಗಳಿಗೆ ಇಡುವ ಮುನ್ನ ನನ್ನನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು.

ಅಲ್ಲಿ ಸಿಂಚನ ಎಂಬ ಹುಡುಗಿಯಿದ್ದಳು. ಕೂದಲೆಲ್ಲ ಉದುರಿತ್ತು. ನನ್ನನ್ನು ಕಂಡರೆ "ಹಾವು ಬಂತು" ಎಂದು ನಗುತ್ತಿದ್ದಳು. ಕೊನೆಗೆ ರೋಗ ಹಿಂದೆ ಸರಿಯಿತು. ಹೊಸಮನಿಯವರು ಅವಳ ತಾಯಿ ಪುಟ್ಟತಾಯಮ್ಮನಿಗೆ ಹೇಳಿದರು:

"ಔಷಧಾ ಮುಗೀತ್ರಿ. ಇನ್ನ ಮ್ಯಾಲೆ ಹುಡುಗಿ ಹುಷಾರ್ರಿ ಮತ್ತ. ವರ್ಷಕ್ಕೊಮ್ಮೆ ಬಂದು ತೋರಿಸ್ಕೊಂಡ ಹೋಗ್ರಿ."

'ಹುಷಾರು' ಎಂಬುದು ಕಿವಿಗೆ ಬಿದ್ದದ್ದೇ ತಾಯಿ ಅತ್ತುಬಿಟ್ಟರು. ಮುಂದಿನದು ಕೇಳಿಸಲಿಲ್ಲ. ವಾರ್ಡಿಗೆಲ್ಲ ಸಕ್ಕರೆ ಹಂಚಿ ಹೋದವರು ಮತ್ತೆ ಬರಲಿಲ್ಲ.

ನಿವೃತ್ತರಾಗುವಾಗ ಹೊಸಮನಿಯವರು ನನ್ನನ್ನು ಶಿಷ್ಯೆ ಫರ್ಹಾನಾಗೆ ಕೊಟ್ಟರು. "ಇದರ ಕಿವಿ ಚಲೋ ಐತಿ, ಜ್ವಾಕಿಂದ ಇಟ್ಕೋ." ನನಗೆ ಸಿಕ್ಕ ಬಿರುದು ಅದೊಂದೇ, ಸಾಕು.

ಫರ್ಹಾನಾರ ಕ್ಲಿನಿಕ್ಕು ಮಹಡಿಯ ಮೇಲಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಮಂಡಿನೋವೆಂದು ಪುಟ್ಟತಾಯಮ್ಮ ಅಲ್ಲಿಗೆ ಬಂದರು. ಅವರು ಸಲೀಸಾಗಿ ಮಾತನಾಡುತ್ತಿದ್ದರು. ಕೈ ಹಿಡಿದು ಹತ್ತಿಸಿದ ಮಗಳು ಬಾಗಿಲಿಗೊರಗಿ ಏದುಸಿರು ಬಿಡುತ್ತಿದ್ದಳು.

"ನಿಮ್ಮಿಬ್ರಲ್ಲಿ ಪೇಷಂಟ್ ಯಾರಮ್ಮಾ?"

"ಅವ್ಳಿಗೇನು ಡಾಕ್ಟ್ರೇ, ಗುಂಡುಕಲ್ಲು! ಚಿಕ್ಕೋಳಿದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು. ಹೊಸಮನಿ ಡಾಕ್ಟ್ರೇ ಹುಷಾರು ಅಂದ್ಬಿಟ್ರು."

ಫರ್ಹಾನಾ ಹಣೆ ಒತ್ತಿಕೊಂಡರು. "ಅಯ್ಯೋ ತಾಯೀ, ನಮ್ಮ ಮೇಡಂ ಊರಲ್ಲಿ ಹುಷಾರು ಅಂದ್ರೆ ಜೋಪಾನ ಅಂತ. ಗುಣ ಆದ್ರೆ ಅವ್ರು ಆರಾಮ ಅಂತಾರೆ. ಆ ಔಷಧಿ ರೋಗಾನ ಕೊಲ್ಲತ್ತೆ, ಎಷ್ಟೋ ವರ್ಷ ಆದ್ಮೇಲೆ ಕೆಲವರ ಹೃದಯಾನ ಸುಸ್ತು ಮಾಡತ್ತೆ. ಅದಕ್ಕೇ ವರ್ಷಕ್ಕೊಮ್ಮೆ ಬನ್ನಿ ಅಂತ ಮೇಡಂ ಎಲ್ರಿಗೂ ಹೇಳ್ತಿದ್ರು."

ಪುಟ್ಟತಾಯಮ್ಮ 'ನಂದೇ ತಪ್ಪು' ಎಂದು ಗೋಳಾಡತೊಡಗಿದರು. "ಅಮ್ಮ, ಸುಮ್ನಿರು. ಡಾಕ್ಟ್ರು ಎದೆ ಕೇಳ್ಲಿ ಮೊದ್ಲು," ಎಂದಳು ಸಿಂಚನ.

ನಾನು ಕೇಳಿದೆ. ಎರಡು ಬಡಿತಗಳ ಹಿಂದೆ, ಬಾಗಿಲ ಹೊರಗೆ ಯಾರೋ ಕಾಲೆಳೆದಂತೆ, ಮೂರನೆಯದೊಂದು ಸದ್ದು. ದಣಿದ ಹೃದಯ ಮಾಡುವ ಸದ್ದದು. ಗದ್ದಲದ ಬೀದಿಯ ಮೇಲಿನ ಆ ಕೋಣೆಯಲ್ಲಿ ಅದನ್ನು ಹಿಡಿದೆನಲ್ಲ, ಆ ಹೆಮ್ಮೆ ನನ್ನದು. ಸ್ಕ್ಯಾನಿಂಗೂ ಅದನ್ನೇ ಹೇಳಿತು. ಮಾತ್ರೆ ಶುರುವಾಯಿತು. ತಿಂಗಳುಗಳು ಕಳೆದಂತೆ ಆ ಸದ್ದು ತೆಳುವಾಯಿತು.

ಈಗ ನನ್ನ ರಬ್ಬರು ಬಿರುಕು ಬಿಟ್ಟಿದೆ. ಫರ್ಹಾನಾ ಹೊಸದನ್ನು ಕೊಂಡಿದ್ದಾರೆ. ನಾನು ಡ್ರಾಯರಿನಲ್ಲಿ ಹತ್ತಿಯ ಪಕ್ಕ ಮಲಗಿರುತ್ತೇನೆ. ಮೊನ್ನೆ ಸಿಂಚನ ತಪಾಸಣೆಗೆ ಬಂದಳು. ಮೆಟ್ಟಿಲಲ್ಲಿ ಎಲ್ಲಿಯೂ ನಿಲ್ಲಲಿಲ್ಲ.

"ಹಳೇದ್ರಲ್ಲೇ ಕೇಳಿ ಡಾಕ್ಟ್ರೇ. ನನ್ನೆದೆ ಅದಕ್ಕೆ ಗೊತ್ತು."

ಎರಡೇ ಬಡಿತ. ದಿನವೂ ಮಾತ್ರೆ ಬೇಡುವ ಹೃದಯ, ಆದರೂ ನಡಿಗೆ ತಪ್ಪಿಲ್ಲ. ನನ್ನ ಕೆಲಸ ಈಗ ವರ್ಷಕ್ಕೊಂದು ದಿನ. ಆ ದಿನಕ್ಕೆ ನಾನು ಇನ್ನೂ ಸಾಕು.